ಹಾಸನದ ಹಠಾತ್ ಸಾವುಗಳು: 'ಸತ್ತವರೆಲ್ಲ ಲಸಿಕೆ ಪಡೆದವರೇ' ಎಂಬ ಫಾರ್ವರ್ಡ್ ಏನನ್ನು ಸಾಬೀತು ಮಾಡುತ್ತದೆ?

ಫಾರ್ವರ್ಡ್: ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸತ್ತವರೆಲ್ಲ ಕೋವಿಡ್ ಲಸಿಕೆ ಹಾಕಿಸಿಕೊಂಡಿದ್ದರು. ಆದ್ದರಿಂದ ಲಸಿಕೆಯೇ ಕಾರಣ.

ವಾಸ್ತವ: ಮೊದಲ ಮಾತು ನಿಜವಾಗಿದ್ದರೂ ಎರಡನೆಯದು ಸಾಬೀತಾಗುವುದಿಲ್ಲ.

2025ರ ಜೂನ್‌ನಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಭಯ ಸಹಜ. ಆದರೆ 'ಇದರ ಜೊತೆ ಅದು' ಎಂಬುದನ್ನು ಅಳೆಯಲು ಒಂದು ಲೆಕ್ಕವಿದೆ.

ಜೋಡಿ ಹುಡುಕುವ ಲೆಕ್ಕ

ಅಂಗಡಿಯ ಬಿಲ್ಲುಗಳಲ್ಲಿ ಯಾವ ಸಾಮಾನಿನ ಜೊತೆ ಯಾವುದು ಹೋಗುತ್ತದೆ ಎಂದು ಕಂಪ್ಯೂಟರ್‌ನಿಂದ ಹುಡುಕುವುದು ಅಸೋಸಿಯೇಷನ್ ರೂಲ್ ಮೈನಿಂಗ್. 1993ರಲ್ಲಿ ರಾಕೇಶ್ ಅಗರವಾಲ್ ಮತ್ತು ಸಂಗಡಿಗರು ಇದರ ದಾರಿ ತೋರಿಸಿದರು. ಇಲ್ಲಿ ಬಳಸುವ ಮುಖ್ಯ ಅಳತೆಗಳು ಮೂರು:

• ಸಪೋರ್ಟ್: ಒಟ್ಟು ದಾಖಲೆಗಳಲ್ಲಿ ಆ ಜೋಡಿ ಎಷ್ಟು ಪಾಲು?
• ಕಾನ್ಫಿಡೆನ್ಸ್: ಒಂದು ಇದ್ದ ಕಡೆ ಇನ್ನೊಂದು ಎಷ್ಟು ಸಲ ಇದೆ?
• ಲಿಫ್ಟ್: ಆ ಇನ್ನೊಂದು ಸಾಮಾನ್ಯವಾಗಿ ಇರುವುದಕ್ಕಿಂತ ಇಲ್ಲಿ ಹೆಚ್ಚಾಗಿದೆಯೇ?

ಫಾರ್ವರ್ಡ್ ಎರಡನೆಯದರಲ್ಲೇ ನಿಂತುಬಿಡುತ್ತದೆ. ಒಂದು ಊರಲ್ಲಿ 100ಕ್ಕೆ 95 ಜನ ಲಸಿಕೆ ಪಡೆದಿದ್ದಾರೆ ಎಂದುಕೊಳ್ಳೋಣ. ಸತ್ತ 20 ಜನರಲ್ಲಿ 19 ಮಂದಿ ಲಸಿಕೆ ಪಡೆದವರಾಗಿದ್ದರೆ ಅದೂ 100ಕ್ಕೆ 95. ಲಿಫ್ಟ್ ಬರೀ 1, ಅಂದರೆ ನಂಟು ಕಾಣುತ್ತಿಲ್ಲ. ಅವರೆಲ್ಲ ರಾಗಿಮುದ್ದೆ ಉಂಡವರೂ ಹೌದು. ಮುದ್ದೆಯನ್ನು ಯಾರೂ ದೂರುವುದಿಲ್ಲ.

ನಾಲ್ಕು ತಾಲ್ಲೂಕು, ಒಂದು ಮೊತ್ತ

ದಾಖಲೆ ಕೋಟಿಗಟ್ಟಲೆ ಇದ್ದರೆ ಕೆಲಸವನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ದಾಖಲೆಗೆ ಒಂದೊಂದು ಕಂಪ್ಯೂಟರ್ ಇಟ್ಟರೆ, ಪ್ರತಿಯೊಂದೂ ತನ್ನ ಪಾಲನ್ನು ಎಣಿಸಿ ಸಂಖ್ಯೆಯನ್ನಷ್ಟೇ ಕಳಿಸುತ್ತದೆ. ಮತ ಎಣಿಕೆಯಲ್ಲಿ ಟೇಬಲ್‌ವಾರು ಎಣಿಸಿ ಕೊನೆಗೆ ಕೂಡಿದ ಹಾಗೆ. 1996ರಲ್ಲಿ ಅಗರವಾಲ್ ಮತ್ತು ಜಾನ್ ಶಾಫರ್ ವಿವರಿಸಿದ ಈ ವಿಧಾನದ ಹೆಸರು ಕೌಂಟ್ ಡಿಸ್ಟ್ರಿಬ್ಯೂಷನ್. ಒಂದೇ ಟೇಬಲ್ ನೋಡಿ ಗೆದ್ದವರು ಯಾರೆಂದು ಹೇಳಲಾಗದು. ಒಂದು ತಾಲ್ಲೂಕಿನ ಕೆಲವು ಸಾವುಗಳನ್ನು ನೋಡಿ ಕಾರಣ ಹೇಳಲೂ ಆಗದು.

ಇನ್ನೊಂದು ಎಚ್ಚರಿಕೆ: ಲಕ್ಷಾಂತರ ಜೋಡಿಗಳನ್ನು ಹುಡುಕಿದರೆ ಕೆಲವು ಆಕಸ್ಮಿಕವಾಗಿಯೇ ಹೊಂದುತ್ತವೆ. ಲಿಫ್ಟ್ ಹೆಚ್ಚಿದ್ದರೂ ಅದು ಸುಳಿವು ಮಾತ್ರ, ತೀರ್ಪಲ್ಲ.

ತನಿಖೆ ಹೇಳಿದ್ದೇನು?

ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಹೃದಯಾಘಾತ ಅಸಹಜವಾಗಿ ಏರಿದ್ದೂ ಕಂಡುಬರಲಿಲ್ಲ.

ಐಸಿಎಂಆರ್ 2023ರಲ್ಲಿ 47 ಆಸ್ಪತ್ರೆಗಳ ಮೂಲಕ, 18ರಿಂದ 45 ವರ್ಷದೊಳಗಿನ 729 ಹಠಾತ್ ಸಾವುಗಳನ್ನು ಬದುಕಿರುವ 2,916 ಜನರೊಂದಿಗೆ ಹೋಲಿಸಿತ್ತು. ಲಸಿಕೆ ಅಪಾಯ ಹೆಚ್ಚಿಸಿದ್ದು ಕಾಣಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವು, ಅತಿಯಾದ ಕುಡಿತ, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ತೀವ್ರ ದೈಹಿಕ ಶ್ರಮ, ಇವುಗಳೊಂದಿಗೆ ಅಪಾಯದ ನಂಟು ಕಂಡಿತು.

ಇನ್ನು ಇಂಥ ಫಾರ್ವರ್ಡ್ ಬಂದಾಗ ಒಂದೇ ಪ್ರಶ್ನೆ ಕೇಳಿ: 'ಬದುಕಿರುವವರಲ್ಲಿ ಎಷ್ಟು ಜನ?' ಉತ್ತರ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಎದೆನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಂಡರೆ ಮಾತ್ರ ತಡಮಾಡದೆ 108ಕ್ಕೆ ಕರೆ ಮಾಡಿ.