ಓಟದ ದಾಖಲೆಗಳು: ಸಂದೇಹ ಮತ್ತು ಸಾಕ್ಷ್ಯ

ಬೆಳಗಿನ ನಮಾಜು ಮುಗಿಸಿ ಹೊರಬಂದರೆ ದುಂಡಸಿಯ ರಸ್ತೆಗಳಲ್ಲಿ ಓಡುವ ಯುವಕರು ಕಾಣುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಒಲಿಂಪಿಕ್ಸ್ ಕನಸಿಲ್ಲ. ಪೊಲೀಸ್ ಇಲಾಖೆಗೋ ಸೈನ್ಯಕ್ಕೋ ಸೇರಬೇಕೆಂಬ ಆಸೆ. ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಿ ಮುಗಿಸಬೇಕು. ಆ ಆರೂವರೆ ನಿಮಿಷವನ್ನು ನಂಬಿಕೊಂಡು ಒಂದು ಮನೆಯೇ ಕಾದಿರುತ್ತದೆ. ಅಂಥ ಹುಡುಗನಿಗೆ ಯಾರಾದರೂ ಒಂದು ಗುಳಿಗೆ ಕೊಟ್ಟು "ಇದನ್ನ ತಗೋ, ದಮ್ಮು ಹತ್ತಂಗಿಲ್ಲ" ಎಂದರೆ ಅವನು ಏನು ಮಾಡಬೇಕು? ಮುಂದೆ ಓಡಿದವನನ್ನು ತೋರಿಸಿ "ಇವನೂ ಏನೋ ತಗೊಂಡಾನ" ಎಂದು ಹಿಂದೆ ಉಳಿದವರು ಹೇಳಿದರೆ ನಾವು ನಂಬಬೇಕೆ? ಈ ಎರಡೂ ಪ್ರಶ್ನೆಗಳಿಗೆ ದೂರದ ಓಟದ ಇತಿಹಾಸದಲ್ಲಿ ಉತ್ತರವಿದೆ.

ನಿಷೇಧವಿಲ್ಲದ ಕಾಲ

1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆದ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದವನು ಥಾಮಸ್ ಹಿಕ್ಸ್. ಬಿಸಿಲಿನಲ್ಲಿ ಬಳಲಿ ತೂರಾಡುತ್ತಿದ್ದ ಅವನಿಗೆ ದಾರಿಯಲ್ಲಿಯೇ ಸ್ಟ್ರಿಕ್ನಿನ್ ಎಂಬ ವಿಷವಸ್ತುವನ್ನು ಮೊಟ್ಟೆಯ ಬಿಳಿಭಾಗದಲ್ಲಿ ಕಲಸಿ, ಬ್ರಾಂದಿಯನ್ನೂ ಕುಡಿಸಲಾಯಿತು. ಅವನು ಸಾಯದೆ ಉಳಿದದ್ದೇ ಹೆಚ್ಚು. ಆದರೂ ಪದಕಕ್ಕೆ ಯಾರೂ ಆಕ್ಷೇಪ ಎತ್ತಲಿಲ್ಲ, ಏಕೆಂದರೆ ಅಂಥ ನಿಯಮವೇ ಇರಲಿಲ್ಲ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟವು ಉದ್ದೀಪನ ಮದ್ದನ್ನು ನಿಷೇಧಿಸಿದ್ದು 1928ರಲ್ಲಿ. ಆದರೆ ಪರೀಕ್ಷೆಯ ವಿಧಾನವಿಲ್ಲದೆ ಆ ನಿಷೇಧ ಬಹುಕಾಲ ಕಾಗದದ ಮೇಲೆಯೇ ಉಳಿಯಿತು.

1972ರ ಮ್ಯೂನಿಕ್ ಒಲಿಂಪಿಕ್ಸ್‌ನ 10,000 ಮೀಟರ್ ಓಟದಲ್ಲಿ ಫಿನ್ಲೆಂಡಿನ ಲಾಸ್ಸೆ ವೀರೆನ್ ಅರ್ಧ ದಾರಿಯಲ್ಲಿ ಮುಗ್ಗರಿಸಿ ಬಿದ್ದ. ಅವನನ್ನು ಎಡವಿ ಬಿದ್ದವನು ಟ್ಯುನೀಷಿಯಾದ ಮೊಹಮ್ಮದ್ ಗಮ್ಮೂದಿ, 1968ರ ಒಲಿಂಪಿಕ್ಸ್‌ನ 5000 ಮೀಟರ್ ವಿಜೇತ. ಗಮ್ಮೂದಿ ಓಟ ಮುಗಿಸಲಾಗಲಿಲ್ಲ; ವೀರೆನ್ ಎದ್ದು ಓಡಿ ವಿಶ್ವ ದಾಖಲೆಯನ್ನೇ ಬರೆದ. 1976ರಲ್ಲಿಯೂ 5000 ಮತ್ತು 10,000 ಮೀಟರ್ ಎರಡನ್ನೂ ಗೆದ್ದಾಗ ಸಂದೇಹ ಹುಟ್ಟಿತು. ತನ್ನದೇ ರಕ್ತವನ್ನು ಮೊದಲೇ ತೆಗೆದಿಟ್ಟು ಸ್ಪರ್ಧೆಗೆ ಮುಂಚೆ ಮತ್ತೆ ಏರಿಸಿಕೊಂಡಿದ್ದಾನೆ ಎಂಬುದು ಆರೋಪ. ವೀರೆನ್ ಅದನ್ನು ನಿರಾಕರಿಸಿದ, ಯಾರೂ ಸಾಬೀತುಪಡಿಸಲಿಲ್ಲ. ಅದೇ ದೇಶದ ಕಾರ್ಲೋ ಮಾನಿಂಕಾ ಮಾತ್ರ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಎರಡು ಪದಕ ಗೆದ್ದ ಮೇಲೆ ತಾನು ರಕ್ತ ಏರಿಸಿಕೊಂಡಿದ್ದನ್ನು ಒಪ್ಪಿಕೊಂಡ. ಆಗ ಅದಕ್ಕೂ ನಿಷೇಧವಿರಲಿಲ್ಲ. ನಿಷೇಧ ಬಂದದ್ದು 1980ರ ದಶಕದ ನಡುಭಾಗದಲ್ಲಿ.

ಬೀಜಿಂಗ್‌ನ ಆರು ದಿನಗಳು

ಸಂದೇಹದ ಇತಿಹಾಸದಲ್ಲಿ ಮರೆಯಲಾಗದ ತಿಂಗಳು 1993ರ ಸೆಪ್ಟೆಂಬರ್. ಚೀನಾದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ವಾಂಗ್ ಜುನ್ಶಿಯಾ 10,000 ಮೀಟರ್ ದೂರವನ್ನು 29 ನಿಮಿಷ 31.78 ಸೆಕೆಂಡುಗಳಲ್ಲಿ ಓಡಿದಳು. ಹಿಂದಿನ ದಾಖಲೆಗಿಂತ ಇದು ಸುಮಾರು 42 ಸೆಕೆಂಡು ಕಡಿಮೆ. ಆರು ದಿನಗಳೊಳಗೆ 1500 ಮತ್ತು 3000 ಮೀಟರ್ ದಾಖಲೆಗಳೂ ಅದೇ ತರಬೇತುದಾರ ಮಾ ಜುನ್‌ರೆನ್ ಅವರ ಶಿಷ್ಯೆಯರ ಪಾಲಾದವು. ಕಠಿಣ ತರಬೇತಿ, ಆಮೆಯ ರಕ್ತ ಮತ್ತು ಒಂದು ಬಗೆಯ ಶಿಲೀಂಧ್ರದ ಔಷಧಿ ಇದಕ್ಕೆ ಕಾರಣವೆಂದು ಮಾ ಹೇಳಿದರು. ಜಗತ್ತು ನಂಬಲಿಲ್ಲ. ಆದರೆ ದಾಖಲೆ ಬರೆದ ಓಟಗಳಲ್ಲಿ ಯಾವ ತಪ್ಪೂ ಪರೀಕ್ಷೆಯಲ್ಲಿ ಸಿಕ್ಕಲಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಮುಂಚೆ ಮಾ ಅವರ ಬಹುತೇಕ ಓಟಗಾರ್ತಿಯರನ್ನು ಚೀನಾವೇ ತಂಡದಿಂದ ಕೈಬಿಟ್ಟಿತು. ತಮಗೆ ಬಲವಂತದಿಂದ ಮದ್ದು ಕೊಡಲಾಗುತ್ತಿತ್ತೆಂದು ವಾಂಗ್ ಮತ್ತು ಸಂಗಾತಿಗಳು 1995ರಲ್ಲಿ ಬರೆದರೆನ್ನಲಾದ ಪತ್ರವೊಂದು 2016ರಲ್ಲಿ ಚೀನಾದ ಮಾಧ್ಯಮದಲ್ಲಿಯೇ ಪ್ರಕಟವಾಯಿತು. ಆದರೂ ದಾಖಲೆಗಳನ್ನು ಅಳಿಸಲಿಲ್ಲ. 10,000 ಮೀಟರ್ ದಾಖಲೆಯನ್ನು ಇಥಿಯೋಪಿಯಾದ ಅಲ್ಮಾಜ್ ಅಯಾನಾ ಮುರಿದದ್ದು 23 ವರ್ಷಗಳ ನಂತರ, 2016ರಲ್ಲಿ. ಪತ್ರದ ಮಾತು ನಿಜವಾಗಿದ್ದರೆ ಆ ಹುಡುಗಿಯರು ಅಪರಾಧಿಗಳಿಗಿಂತ ಹೆಚ್ಚಾಗಿ ಬಲಿಪಶುಗಳು.

2002: ಒಂದೇ ವರ್ಷ, ಎರಡು ಪಾಠ

ಮೂತ್ರಪಿಂಡ ರೋಗಿಗಳ ರಕ್ತಹೀನತೆಗಾಗಿ ತಯಾರಾದ ಇಪಿಒ ಎಂಬ ಔಷಧಿ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಕೆಂಪುಕಣ ಹೆಚ್ಚಾದರೆ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು ದೊರೆಯುತ್ತದೆ, ದಮ್ಮು ಉಳಿಯುತ್ತದೆ. ಆದರೆ ರಕ್ತ ಗಟ್ಟಿಯಾಗಿ ಹೃದಯಕ್ಕೆ ಅಪಾಯ. ಇದನ್ನು ಹಿಡಿಯುವ ಪರೀಕ್ಷೆ ಒಲಿಂಪಿಕ್ಸ್‌ಗೆ ಬಂದದ್ದು 2000ದಲ್ಲಿ. ಮೊರಾಕ್ಕೊದ ಬ್ರಾಹಿಮ್ ಬೂಲಾಮಿ 2002ರ ಆಗಸ್ಟ್‌ನಲ್ಲಿ ಜ್ಯೂರಿಕ್‌ನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಓಟವನ್ನು 7 ನಿಮಿಷ 53.17 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವ ದಾಖಲೆ ಮಾಡಿದ. ಓಟಕ್ಕೆ ಮುಂಚೆ ಪಡೆದ ಮಾದರಿಯಲ್ಲಿ ಇಪಿಒ ಪತ್ತೆಯಾಗಿ ದಾಖಲೆ ರದ್ದಾಯಿತು, ಎರಡು ವರ್ಷ ನಿಷೇಧವೂ ಆಯಿತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕೊರಿಯಾದ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಪಂಜಾಬಿನ ಸುನೀತಾ ರಾಣಿ 1500 ಮೀಟರ್‌ನಲ್ಲಿ ಚಿನ್ನ ಮತ್ತು 5000 ಮೀಟರ್‌ನಲ್ಲಿ ಕಂಚು ಗೆದ್ದರು. 1500 ಮೀಟರ್‌ಗೆ ತೆಗೆದುಕೊಂಡದ್ದು 4 ನಿಮಿಷ 6.03 ಸೆಕೆಂಡು, ರಾಷ್ಟ್ರೀಯ ದಾಖಲೆ. ಕೆಲವೇ ದಿನಗಳಲ್ಲಿ ನ್ಯಾಂಡ್ರೊಲೋನ್ ಪತ್ತೆಯಾಯಿತೆಂದು ಪದಕಗಳನ್ನು ಕಿತ್ತುಕೊಳ್ಳಲಾಯಿತು. ಪತ್ರಿಕೆಗಳಲ್ಲಿ ಹೆಸರು ಹಾಳಾಯಿತು. ಆದರೆ ಪರೀಕ್ಷೆಯ ದಾಖಲೆಪತ್ರಗಳನ್ನು ಮರುಪರಿಶೀಲಿಸಿದಾಗ ಸೋಲ್‌ನ ಪ್ರಯೋಗಾಲಯದ ಕೆಲಸದಲ್ಲಿಯೇ ಲೋಪಗಳು ಕಂಡುಬಂದವು. ಸುನೀತಾ ನಿರ್ದೋಷಿಯೆಂದು ತೀರ್ಮಾನವಾಗಿ 2003ರ ಆರಂಭದಲ್ಲಿ ಪದಕಗಳು ಮರಳಿದವು. ಅವರ ಆ ರಾಷ್ಟ್ರೀಯ ದಾಖಲೆ 2021ರವರೆಗೆ ಉಳಿಯಿತು.

ಬೂಲಾಮಿಗೆ ಶಿಕ್ಷೆಯಾದದ್ದು ಸಾಕ್ಷ್ಯದಿಂದ. ಸುನೀತಾ ಪಾರಾದದ್ದೂ ಸಾಕ್ಷ್ಯದಿಂದ. ಓಟಗಾರರ ಮಾದರಿಯನ್ನು 'ಎ' ಮತ್ತು 'ಬಿ' ಎಂದು ಎರಡು ಬಾಟಲಿಗಳಲ್ಲಿ ಹಂಚಿ ಮುದ್ರೆ ಹಾಕುವುದು, ಕಾಗದಪತ್ರಗಳನ್ನು ಕೇಳುವ ಹಕ್ಕು ಕೊಡುವುದು, ಮೇಲ್ಮನವಿಗೆ ಅವಕಾಶವಿರುವುದು, ಇವೆಲ್ಲ ಇಂಥ ಪ್ರಸಂಗಗಳಿಗಾಗಿಯೇ ಇವೆ.

ನಮ್ಮ ನಾಡಿನ ಪ್ರಕರಣ

ಕರ್ನಾಟಕಕ್ಕೂ ಈ ನೋವು ತಟ್ಟಿದೆ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ದೂರದ ಓಟಗಾರ್ತಿಯಲ್ಲ, 400 ಮೀಟರ್ ಓಟಗಾರ್ತಿ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ, ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದು ನಾಡಿಗೆಲ್ಲ ಸಂತೋಷ ತಂದಿದ್ದರು. ಮರುವರ್ಷವೇ ಅವರೂ ಇತರ ಕೆಲವು ಓಟಗಾರ್ತಿಯರೂ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನಿನ ತರಬೇತುದಾರರು ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್‌ನಲ್ಲಿ ಅದು ಬೆರೆತಿತ್ತು, ತಮಗೆ ಗೊತ್ತಿರಲಿಲ್ಲ ಎಂಬುದು ಅವರ ವಾದ. ದೇಶದ ಸಮಿತಿ ಒಂದು ವರ್ಷ ನಿಷೇಧಿಸಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಯಾರು ಕೊಟ್ಟರೂ ತನ್ನ ದೇಹದೊಳಗೆ ಹೋದದ್ದಕ್ಕೆ ಓಟಗಾರನೇ ಹೊಣೆ ಎಂಬುದು ಈ ನಿಯಮದ ಮೂಲ.

ಇತ್ತೀಚಿನ ಉದಾಹರಣೆ ಇನ್ನೂ ಕಣ್ಣು ತೆರೆಸುವಂಥದು. ಕೀನ್ಯಾದ ರೂತ್ ಚೆಪ್‌ನ್ಗೆಟಿಚ್ 2024ರ ಅಕ್ಟೋಬರ್‌ನಲ್ಲಿ ಶಿಕಾಗೊ ಮ್ಯಾರಥಾನನ್ನು 2 ಗಂಟೆ 9 ನಿಮಿಷ 56 ಸೆಕೆಂಡುಗಳಲ್ಲಿ ಓಡಿ, ಹಿಂದಿನ ಮಹಿಳಾ ದಾಖಲೆಯನ್ನು ಸುಮಾರು ಎರಡು ನಿಮಿಷದಿಂದ ಮುರಿದರು. ಸಂದೇಹದ ಪ್ರಶ್ನೆ ಆ ದಿನವೇ ಎದ್ದಿತು. 2025ರ ಮಾರ್ಚ್‌ನಲ್ಲಿ ಪಡೆದ ಮಾದರಿಯಲ್ಲಿ ನಿಷೇಧಿತ ಮೂತ್ರವರ್ಧಕ ಔಷಧಿ ಪತ್ತೆಯಾಗಿ ಅಕ್ಟೋಬರ್‌ನಲ್ಲಿ ಮೂರು ವರ್ಷ ನಿಷೇಧವಾಯಿತು. ಮನೆಗೆಲಸದಾಕೆಯ ಗುಳಿಗೆ ನುಂಗಿದೆ ಎಂಬ ಅವರ ಸಮಜಾಯಿಷಿ ಕೈಹಿಡಿಯಲಿಲ್ಲ. ಆದರೆ ಶಿಕಾಗೊ ಓಟ ಆ ಮಾದರಿಗಿಂತ ಮುಂಚಿನದಾದ್ದರಿಂದ ಆ ದಾಖಲೆಯನ್ನು ರದ್ದು ಮಾಡಲಿಲ್ಲ. ಜನರ ಮನಸ್ಸಿಗೆ ಇದು ಒಪ್ಪದಿರಬಹುದು. ಆದರೆ ಒಂದು ದಿನದ ಸಾಕ್ಷ್ಯದಿಂದ ಇನ್ನೊಂದು ದಿನದ ಅಪರಾಧವನ್ನು ನಿರ್ಣಯಿಸಲಾಗದು.

ನಮಗೆ ಪಾಠ

ಉರ್ದುವಿನಲ್ಲಿ ನಾವು 'ಬದ್‌ಗುಮಾನಿ' ಎನ್ನುವುದನ್ನು ದೀನ್ ಪಾಪವೆಂದು ಎಣಿಸುತ್ತದೆ. ಪವಿತ್ರ ಕುರ್‌ಆನಿನ ಅಲ್-ಹುಜುರಾತ್ ಅಧ್ಯಾಯವು ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂದೂ, ಹೆಚ್ಚಿನ ಗುಮಾನಿಯಿಂದ ದೂರವಿರಬೇಕೆಂದೂ ಬೋಧಿಸುತ್ತದೆ. ಸುನೀತಾ ರಾಣಿಯವರ ಪ್ರಕರಣ ಇದಕ್ಕೆ ನಿದರ್ಶನ. ಹಾಗೆಂದು ಪರೀಕ್ಷೆಯೇ ಬೇಡವೆಂದಲ್ಲ. ಪ್ರಾಮಾಣಿಕನಿಗೆ ಪರೀಕ್ಷೆಯೇ ರಕ್ಷಣೆ. ಜಾಗತಿಕ ಸಂಸ್ಥೆಯ 2023ರ ಅಂಕಿಅಂಶಗಳಂತೆ ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ಪೈಕಿ ಸಿಕ್ಕಿಬಿದ್ದವರ ಪ್ರಮಾಣ ಭಾರತದಲ್ಲಿಯೇ ಅತಿ ಹೆಚ್ಚು, ನೂರಕ್ಕೆ 3.8. ಇದು ನಾವು ತಲೆತಗ್ಗಿಸುವ ಮಾತು.

ವಿದ್ಯಾರ್ಥಿ ಮಿತ್ರರೇ, ದೇಹವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ವ್ಯಾಯಾಮಶಾಲೆಯ ಗೆಳೆಯ ಕೊಟ್ಟ ಪುಡಿ, ಹೆಸರಿಲ್ಲದ ಡಬ್ಬಿ, ಇನ್ನೊಬ್ಬರಿಗೆ ಬರೆದುಕೊಟ್ಟ ಗುಳಿಗೆ, ಇವುಗಳನ್ನು ಮುಟ್ಟಬೇಡಿ. ಕಾಯಿಲೆಯಾದರೆ ವೈದ್ಯರಿಗೆ ನೀವು ಸ್ಪರ್ಧೆಗೆ ಓಡುವವರೆಂದು ಮೊದಲೇ ತಿಳಿಸಿ. ಮೋಸದಿಂದ ಸಿಕ್ಕ ನೌಕರಿಯ ಸಂಬಳ ಹಲಾಲ್ ಆದೀತೇ ಎಂದು ಒಮ್ಮೆ ಯೋಚಿಸಿ. 6 ನಿಮಿಷ 40 ಸೆಕೆಂಡು ಓಡಿದವನು ಹತ್ತು ಸೆಕೆಂಡನ್ನು ಬೆವರಿನಿಂದಲೇ ಇಳಿಸಬಲ್ಲನು. ಅದಕ್ಕೆ ಕೆಲವು ತಿಂಗಳು ಬೇಕು, ಅಷ್ಟೇ. ಮತ್ತು ನಿಮ್ಮ ಮುಂದೆ ಓಡಿದವನ ಮೇಲೆ ಸಾಕ್ಷ್ಯವಿಲ್ಲದೆ ಮಾತು ಹೊರಿಸಬೇಡಿ. ಅಲ್ಲಾಹನು ನಮ್ಮ ಮಕ್ಕಳಿಗೆ ಸ್ವಚ್ಛವಾದ ಗೆಲುವನ್ನೂ, ಸೋಲನ್ನು ಸಹಿಸುವ ಸಬರನ್ನೂ ಕರುಣಿಸಲಿ. ಆಮೀನ್.