ಕಣಿವೆಯ ಮೇಲೆ ಹಳಿ: ಸಕಲೇಶಪುರ ಘಟ್ಟದ ರೈಲು ಸೇತುವೆಗಳು

ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಹಾದುಹೋಗುವ ತುಮಕೂರು–ರಾಯದುರ್ಗ ರೈಲು ಮಾರ್ಗವೂ ಶಿರಾ ಮೂಲಕ ಸಾಗುವ ತುಮಕೂರು–ದಾವಣಗೆರೆ ಮಾರ್ಗವೂ ನಿರ್ಮಾಣದ ಹಂತದಲ್ಲಿವೆ. ದಿಬ್ಬ ಎದುರಾದರೆ ಅದನ್ನು ಕಡಿಯುತ್ತಾರೆ, ತಗ್ಗು ಬಂದರೆ ಮಣ್ಣಿನ ಏರಿ ಹಾಕುತ್ತಾರೆ, ಹಳ್ಳ ಬಂದರೆ ಸೇತುವೆ ಕಟ್ಟುತ್ತಾರೆ. ರಸ್ತೆ ದಿಬ್ಬವನ್ನು ಹತ್ತಿ ಇಳಿಯುತ್ತದೆಯಲ್ಲ, ರೈಲಿಗೆ ಮಾತ್ರ ಏಕೆ ಇಷ್ಟೊಂದು ಸಿದ್ಧತೆ ಎಂದು ಈ ಭಾಗದ ವಿದ್ಯಾರ್ಥಿಗಳು ಕೇಳುವುದು ಸಹಜ. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವ ಸ್ಥಳವೆಂದರೆ ಪಶ್ಚಿಮ ಘಟ್ಟದ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಮಾರ್ಗ. ಸುಮಾರು 55 ಕಿಲೋಮೀಟರ್ ಉದ್ದದ ಈ ಹಾದಿಯಲ್ಲಿ 57 ಸುರಂಗಗಳೂ 109 ಸೇತುವೆಗಳೂ ಇವೆ.

ಮೊದಲು ಇತಿಹಾಸವನ್ನು ನೋಡೋಣ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆದರೆ ಅದು ಬಂದದ್ದು ಶೊರನೂರು, ಕಾಸರಗೋಡುಗಳ ಕಡೆಯಿಂದ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ ಜಿಲ್ಲೆ; ಘಟ್ಟದ ಮೇಲಿನದು ಮೈಸೂರು ಸಂಸ್ಥಾನ. 1956ರಲ್ಲಿ ರಾಜ್ಯ ಒಂದಾದರೂ ಹಳಿ ಒಂದಾಗಿರಲಿಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ರೈಲಿನಲ್ಲೇ ಹೋಗಬೇಕೆಂದರೆ ಜೋಲಾರಪೇಟೆ, ಪಾಲ್ಘಾಟ್ ಸುತ್ತಿ, ನೆರೆಯ ಎರಡು ರಾಜ್ಯಗಳನ್ನು ದಾಟಬೇಕಾಗಿತ್ತು. ಮಂಗಳೂರಿನ ಹೊಸ ಬಂದರಿಗೆ ಒಳನಾಡಿನ ಸರಕು ತಲುಪಬೇಕಾದ ಅಗತ್ಯವೂ ಸೇರಿ, 1960ರ ದಶಕದಲ್ಲಿ ಹಾಸನ–ಮಂಗಳೂರು ಮಾರ್ಗದ ಕೆಲಸ ಆರಂಭವಾಯಿತು. ಘಟ್ಟವನ್ನು ದಾಟಿ ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ.

ಇಷ್ಟು ಕಾಲ ಹಿಡಿದದ್ದು ಏಕೆ? ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಸುಲಭವಾಗಿ ಉರುಳುತ್ತದೆ. ಅದೇ ಕಾರಣದಿಂದ ಏರಿನಲ್ಲಿ ಅದರ ಹಿಡಿತ ಕಡಿಮೆ. ಈ ಘಟ್ಟದಲ್ಲಿ ಒಪ್ಪಿಕೊಂಡಿರುವ ಅತಿ ಕಡಿದಾದ ಇಳಿಜಾರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಸಾಗಿದಾಗ 1 ಮೀಟರ್ ಮಾತ್ರ ಏರಬಹುದು. ಇದು ಕಣ್ಣಿಗೆ ಕಾಣದಷ್ಟು ಅಲ್ಪವೆನಿಸಬಹುದು. ಆದರೆ 1000 ಟನ್ ತೂಕದ ರೈಲನ್ನು ಇಂಥ ಏರಿನಲ್ಲಿ ಗುರುತ್ವಾಕರ್ಷಣೆಯೊಂದೇ 20 ಟನ್ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಅದಕ್ಕಾಗಿಯೇ ಇಲ್ಲಿ ರೈಲುಗಳಿಗೆ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸುತ್ತಾರೆ.

ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಘಟ್ಟದ ಬುಡಕ್ಕೆ ಇಳಿಯಬೇಕಾದದ್ದು ಸುಮಾರು 800 ಮೀಟರ್. 50ಕ್ಕೆ 1ರಂತೆ ಲೆಕ್ಕ ಹಾಕಿದರೆ ಕನಿಷ್ಠ 40 ಕಿಲೋಮೀಟರ್ ಹಾದಿ ಬೇಕು. ತಿರುವುಗಳಲ್ಲಿ ಗಾಲಿ ಹಳಿಗೆ ಉಜ್ಜುವುದರಿಂದ ಅಲ್ಲಿ ಇಳಿಜಾರನ್ನು ಇನ್ನಷ್ಟು ತಗ್ಗಿಸಬೇಕು. ದೋಣಿಗಲ್, ಕಡಗರವಳ್ಳಿ, ಯಡಕುಮೇರಿ, ಸಿರಿಬಾಗಿಲು ನಿಲ್ದಾಣಗಳಲ್ಲಿ ಹಳಿ ಬಹುಮಟ್ಟಿಗೆ ಸಮತಟ್ಟಾಗಿರಬೇಕು. ಹೀಗೆ ಹಾದಿ 55 ಕಿಲೋಮೀಟರಿಗೆ ಬೆಳೆಯಿತು. ಬೆಟ್ಟದ ಮಗ್ಗುಲನ್ನು ಹಿಡಿದು ಸಾಗುವ ಈ ಹಾದಿಗೆ ಗುಡ್ಡದ ಮೂಗು ಅಡ್ಡ ಬಂದಲ್ಲಿ ಸುರಂಗವಾಯಿತು, ಕಣಿವೆ ಬಾಯಿ ತೆರೆದಲ್ಲಿ ಸೇತುವೆಯಾಯಿತು.

ಕಣಿವೆಯನ್ನು ಮಣ್ಣಿನಿಂದಲೇ ತುಂಬಬಹುದಿತ್ತಲ್ಲವೇ? ಒಂದು ಲೆಕ್ಕ ಮಾಡೋಣ. 30 ಮೀಟರ್ ಎತ್ತರದ ಏರಿ ಕುಸಿಯದೆ ನಿಲ್ಲಲು ಅದರ ಎರಡು ಮಗ್ಗುಲೂ 1 ಮೀಟರ್ ಎತ್ತರಕ್ಕೆ 2 ಮೀಟರ್‌ನಂತೆ ಹರಡಬೇಕೆಂದುಕೊಳ್ಳಿ. ಮೇಲಿನ ಅಗಲ 7 ಮೀಟರ್ ಇದ್ದರೆ ಬುಡದ ಅಗಲ 127 ಮೀಟರ್ ಆಗುತ್ತದೆ. ಕಡಿದಾದ ಕಣಿವೆಯಲ್ಲಿ ಅಷ್ಟು ಅಗಲದ ಬುಡಕ್ಕೆ ನೆಲೆಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಮುಂಗಾರಿನ ನೀರಿಗೆ ದಾರಿ ಮುಚ್ಚಿದರೆ ಏರಿಯೇ ಅಣೆಕಟ್ಟಾಗುತ್ತದೆ. ನೆನೆದ ಮಣ್ಣು ಜಾರುತ್ತದೆ. ಎಂಜಿನಿಯರರು ವಯಾಡಕ್ಟ್ ಎನ್ನುವ ಕಣಿವೆ ಸೇತುವೆ ಕೆಲವೇ ಕಂಬಗಳ ಬುಡವನ್ನು ಮಾತ್ರ ನೆಲದಿಂದ ಕೇಳುತ್ತದೆ. ಉಳಿದ ಕಣಿವೆಯನ್ನು ನೀರಿಗೆ ಬಿಟ್ಟುಕೊಡುತ್ತದೆ.

ಎತ್ತರದ ಕಂಬಗಳು, ಅವುಗಳ ಮೇಲೆ ಉಕ್ಕಿನ ತೊಲೆಗಳು, ತೊಲೆಗಳ ಮೇಲೆ ಹಳಿ: ರಚನೆ ಸರಳವಾಗಿ ಕಾಣುತ್ತದೆ. ಆದರೆ ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. 20 ಮೀಟರ್ ಉದ್ದದ ತೊಲೆ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹೆಚ್ಚಿದರೆ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತದೆ. ಆದ್ದರಿಂದ ತೊಲೆಯ ಒಂದು ತುದಿಯನ್ನು ಕಂಬಕ್ಕೆ ಬಿಗಿದು, ಇನ್ನೊಂದು ತುದಿ ಜಾರುವಂತೆ ಬಿಡುತ್ತಾರೆ. ತಿರುವಿನಲ್ಲಿರುವ ಸೇತುವೆಯಲ್ಲಿ ರೈಲು ಹೊರಮಗ್ಗುಲಿಗೂ ತಳ್ಳುತ್ತದೆ; ಅದಕ್ಕೆ ಹೊರಗಿನ ಹಳಿಯನ್ನು ತುಸು ಎತ್ತರಿಸಿ, ಕಂಬಗಳನ್ನು ಆ ತಳ್ಳುವಿಕೆಯನ್ನೂ ಲೆಕ್ಕಕ್ಕೆ ಹಿಡಿದು ಕಟ್ಟಬೇಕು.

ಇಷ್ಟೆಲ್ಲ ಜಾಣ್ಮೆಯಿಂದ ಕಟ್ಟಿದ ಮಾರ್ಗ ಹದಿನೈದು ಇಪ್ಪತ್ತು ವರ್ಷಗಳಲ್ಲೇ ಮುಚ್ಚಬೇಕಾಗಿ ಬಂದದ್ದು ನಾವು ಗಮನಿಸಬೇಕಾದ ಸಂಗತಿ. ಕಾರಣ ಕಂಬದ ದೋಷವಲ್ಲ, ಹಳಿಯ ಅಳತೆ. ಹಾಸನ, ಅರಸೀಕೆರೆಗಳ ಕಡೆ ಇದ್ದದ್ದು 1000 ಮಿಲಿಮೀಟರಿನ ಮೀಟರ್ ಗೇಜ್; ಹೊಸ ಮಾರ್ಗವನ್ನೂ ಅದಕ್ಕೇ ಹೊಂದಿಸಿದರು. ಮಂಗಳೂರಿನಿಂದ ಕೇರಳದತ್ತ ಇದ್ದದ್ದು 1676 ಮಿಲಿಮೀಟರಿನ ಬ್ರಾಡ್ ಗೇಜ್. ಒಂದರ ಬೋಗಿ ಇನ್ನೊಂದರ ಮೇಲೆ ಓಡದು. ಸರಕನ್ನು ಇಳಿಸಿ ಮತ್ತೆ ತುಂಬಬೇಕು. 1992ರಲ್ಲಿ ದೇಶದಾದ್ಯಂತ ಏಕರೂಪ ಗೇಜ್ ಯೋಜನೆ ಆರಂಭವಾದ ಮೇಲೆ, 1990ರ ದಶಕದ ನಡುವಿನಲ್ಲಿ ಘಟ್ಟದ ಮಾರ್ಗ ಪರಿವರ್ತನೆಗಾಗಿ ಮುಚ್ಚಿತು. ಈ ಕೆಲಸಕ್ಕೆ 2003ರಲ್ಲಿ ರೈಲ್ವೆ ಸಚಿವಾಲಯ ಮತ್ತು ಕರ್ನಾಟಕ ಸರ್ಕಾರಗಳ ಪಾಲುದಾರಿಕೆಯಲ್ಲಿ ಪ್ರತ್ಯೇಕ ಕಂಪನಿಯೇ ಸ್ಥಾಪನೆಯಾಯಿತು. ಸರಕು ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಜನ ಮತ್ತೆ ಬಸ್ಸನ್ನೇ ನಂಬಬೇಕಾಯಿತು.

ಮಳೆಯಂತೂ ತನ್ನ ಪರೀಕ್ಷೆಯನ್ನು ಪ್ರತಿ ವರ್ಷ ನಡೆಸುತ್ತದೆ. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಯಡಕುಮೇರಿ ನಡುವೆ ಹಳಿಯ ಕೆಳಗಿನ ಇಳಿಜಾರು ಕುಸಿದು ರೈಲುಗಳು ನಿಂತವು. ಕಲ್ಲು ತುಂಬಿದ ತಂತಿ ಬಲೆಗಳಿಂದ ಇಳಿಜಾರನ್ನು ಭದ್ರಪಡಿಸಿ ಆಗಸ್ಟ್‌ನಲ್ಲಿ ಮತ್ತೆ ಸಂಚಾರ ಆರಂಭಿಸಿದರು. ಜಾರಿದ್ದು ಸೇತುವೆಯಲ್ಲ, ಮಣ್ಣು ಎಂಬುದನ್ನು ಗಮನಿಸಿ.

ವಿದ್ಯಾರ್ಥಿಗಳು ಈ ಸೇತುವೆಗಳನ್ನು ರೈಲಿನ ಕಿಟಕಿಯಿಂದಲೇ ನೋಡಬೇಕು; ಹಳಿಯ ಮೇಲೆ ನಡೆಯುವುದು ಅಪಾಯಕಾರಿ, ಕಾನೂನಿನ ಪ್ರಕಾರ ಅಪರಾಧ ಕೂಡ. ಅಷ್ಟು ದೂರ ಹೋಗಲಾಗದವರು ತಮ್ಮ ಊರಿನ ಹತ್ತಿರ ಏಳುತ್ತಿರುವ ರೈಲು ಏರಿಯನ್ನು ದೂರದಿಂದ ನೋಡಲಿ. ಬಯಲುಸೀಮೆಯ ಹಳ್ಳ ವರ್ಷದ ಬಹುಭಾಗ ಒಣಗಿರುತ್ತದೆ. ಆದರೆ ಒಂದೇ ರಾತ್ರಿಯ ಮಳೆಗೆ ಜಯಮಂಗಲಿಯಂಥ ಹೊಳೆ ತುಂಬಿ ಹರಿಯಬಲ್ಲದು. ಹಳ್ಳದ ನೀರು ಎಲ್ಲಿಂದ ಬಂದು ಯಾವ ಕೆರೆ ಸೇರುತ್ತದೆ, ಹೊಸ ಏರಿಯಲ್ಲಿ ಅದಕ್ಕೆ ಎಷ್ಟು ಅಗಲದ ದಾರಿ ಬಿಟ್ಟಿದ್ದಾರೆ ಎಂಬುದನ್ನು ಊರಿನ ಹಿರಿಯರಿಂದ ಕೇಳಿ ಒಂದು ನಕ್ಷೆ ಬರೆದುಕೊಳ್ಳಿ. ಘಟ್ಟದಲ್ಲಿ ಎಂಜಿನಿಯರರು ಮೊದಲು ಕೇಳಿದ ಪ್ರಶ್ನೆಯೂ ಇದೇ ಆಗಿತ್ತು.