ಚೀಟಿ ಬರೆದು ಹೋದವರು

ಚನ್ನರಾಯನದುರ್ಗಕ್ಕೆ ಬರುವವರು ಪಾಳೆಯಗಾರರ ಕೋಟೆಯ ಕಥೆ ಕೇಳುತ್ತಾರೆ. ಬೆಟ್ಟದ ಬುಡದಲ್ಲಿ ಬೆಳೆದ ನನಗೆ ಹೇಳಬೇಕೆನಿಸುವುದು ಬೇರೊಂದು ಚರಿತ್ರೆ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಪಟ್ಟಣದ ವೈದ್ಯ ವಿದ್ಯಾರ್ಥಿಗಳು ಬಂದು ನಮ್ಮ ಶಾಲೆಯ ಜಗಲಿಯ ಮೇಲೆ ಒಂದು ದಿನದ ಶಿಬಿರ ನಡೆಸಿದರು. ನನ್ನ ಸೋದರಮಾವನ ಎದೆ ಪರೀಕ್ಷಿಸಿದ ತರುಣನೊಬ್ಬ, ತುಮಕೂರಿಗೆ ಹೋಗಿ ಕಫ ತೋರಿಸಬೇಕೆಂದು ಚೀಟಿ ಬರೆದುಕೊಟ್ಟ. ಮಾವ ಹೋಗದೆ ಇರಲಿಲ್ಲ. ರಾಗಿ ಬಿತ್ತನೆ ಮುಗಿಸಿ ಹೋದ. ಕೆಮ್ಮಿನ ಔಷಧದ ಸೀಸೆ ಹಿಡಿದು ಬಂದ. ಮರುವರ್ಷ ಶಿಬಿರಕ್ಕೆ ಬಂದವರು ಬೇರೆ ಹುಡುಗರು. "ಎಷ್ಟು ದಿನದಿಂದ ಕೆಮ್ಮು?" ಎಂದು ಮೊದಲಿನಿಂದ ಕೇಳತೊಡಗಿದರು. "ಹೋದ ವರ್ಷ ನೀವೇ ಬರಕೊಂಡ್ರಲ್ಲ ಸ್ವಾಮಿ" ಎಂದ ಮಾವ. ಅದರ ಮುಂದಿನ ವರ್ಷ ಉತ್ತರ ಹೇಳಲು ಅವನಿರಲಿಲ್ಲ.

ಹಳ್ಳಿಯವರ ಉದಾಸೀನವೇ ಹೀಗೆ ಎಂದು ತಿಳಿದವರು ಹೇಳಿದರು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆ ಮಾತನ್ನು ಸುಳ್ಳೆಂದು ತೋರಿಸಿದ ಅಧ್ಯಯನ ನಮ್ಮ ಜಿಲ್ಲೆಯಲ್ಲಿಯೇ, ಮಾವನ ಸಾವಿಗೆ ಎಷ್ಟೋ ಮೊದಲೇ ನಡೆದಿತ್ತೆಂಬುದು ತಿಳಿದದ್ದು ತೀರ ಈಚೆಗೆ. ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಮೊದಮೊದಲ ಸಮೀಕ್ಷೆಗಳಲ್ಲೊಂದು ತುಮಕೂರು ಜಿಲ್ಲೆಯ ಹಳ್ಳಿಗಳದು. ಅಲ್ಲಿ ಪತ್ತೆಯಾದ ರೋಗಿಗಳ ಮನೆಗಳಿಗೆ ಹೋಗಿ ವಿಚಾರಿಸಿದ ವೃತ್ತಾಂತವನ್ನು ದೇಬಬರ್ ಬ್ಯಾನರ್ಜಿ, ಸ್ಟಿಗ್ ಆಂಡರ್ಸನ್ ಎಂಬಿಬ್ಬರು ೧೯೬೩ರಲ್ಲಿ ಪ್ರಕಟಿಸಿದರು. ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ, ಕೆಮ್ಮಿನ ಔಷಧ ಪಡೆದು ಹಿಂದಿರುಗಿದ್ದರು! ರೋಗಿ ಬಂದಿದ್ದ, ರೋಗವನ್ನು ಗುರುತಿಸುವವರು ಅಲ್ಲಿರಲಿಲ್ಲ. ಕ್ಷಯಕ್ಕೆ ಆಗ ವರ್ಷಕ್ಕೆ ಕಡಮೆಯಿಲ್ಲದೆ ಮದ್ದು ಕೊಡಬೇಕಿತ್ತು. ಒಂದು ದಿನದ ಶಿಬಿರ ಅದಕ್ಕೆ ಏನು ಮಾಡೀತು?

ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸುವ ಯೋಜನೆಗಳಿಗೆ ಕೊರತೆಯಿರಲಿಲ್ಲ. ೧೯೬೯ರಲ್ಲಿ, ಗಾಂಧೀ ಶತಮಾನೋತ್ಸವದ ವರ್ಷ, ರಾಷ್ಟ್ರೀಯ ಸೇವಾ ಯೋಜನೆ ಬಂತು. ೧೯೭೭ರಲ್ಲಿ ಒಂದೊಂದು ವೈದ್ಯ ಕಾಲೇಜಿಗೂ ಮೂರು ಮೂರು ಅಭಿವೃದ್ಧಿ ಬ್ಲಾಕುಗಳನ್ನು ವಹಿಸುವ ಯೋಜನೆ ಬಂತು. ಕಾಗದದಲ್ಲಿ ಎಲ್ಲವೂ ಚೆನ್ನಾಗಿತ್ತು.

ಯಾರ ಆಜ್ಞೆಯೂ ಇಲ್ಲದೆ ಹೊರಟವರ ಸಂಗತಿ ಬೇರೆ. ೧೯೮೪ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ತನ್ನ ಸ್ನೇಹಿತರೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ವ್ಯಾಸಂಗ ಮುಗಿದಮೇಲೆ ಆ ಗೆಳೆಯರು ಪಟ್ಟಣದಲ್ಲಿ ಬೋರ್ಡು ಹಾಕಲಿಲ್ಲ. ೧೯೮೭ರಲ್ಲಿ ಹೆಗ್ಗಡದೇವನಕೋಟೆಯ ಬ್ರಹ್ಮಗಿರಿಗೆ ಹೋದರು. ಕಬಿನಿ ಜಲಾಶಯಕ್ಕೂ ಹುಲಿಗಳ ಅಭಯಾರಣ್ಯಕ್ಕೂ ಮನೆಮಾರು ಬಿಟ್ಟುಕೊಟ್ಟ ಜೇನುಕುರುಬರು, ಕಾಡುಕುರುಬರು ಇದ್ದ ಸೀಮೆ ಅದು. ಮುಂದೆ ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆಗಳೆದ್ದವು. ನನಗೆ ಆ ಆಸ್ಪತ್ರೆಗಳಿಗಿಂತ ದೊಡ್ಡದಾಗಿ ತೋರುವುದು, ಮರುವರ್ಷವೂ ಅದೇ ಮುಖಗಳು ಅಲ್ಲಿದ್ದವೆಂಬುದು. ಅಂಥ ಭಾಗ್ಯ ನಮ್ಮ ದುರ್ಗಕ್ಕೆ ಬರಲಿಲ್ಲವೆಂದು ಕರುಬುವುದೂ ಉಂಟು.

ವೈದ್ಯ ಪದವಿ ಪಡೆದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು ಕರ್ನಾಟಕ ೨೦೧೨ರಲ್ಲಿ ಕಾಯಿದೆ ಮಾಡಿತು. ೨೦೨೨ರಿಂದೀಚೆಗೆ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ವಹಿಸಿಕೊಂಡು, ಓದಿನ ಅವಧಿಯಲ್ಲಿ ಅವರ ಆರೋಗ್ಯ ನೋಡಿಕೊಳ್ಳಬೇಕೆಂಬ ಕಟ್ಟಳೆಯೂ ಇದೆ. ಈಚೆಗೆ ನೆಂಟರ ಊರಿನಲ್ಲಿ ಅಂಥ ಹುಡುಗಿಯೊಬ್ಬಳನ್ನು ನೋಡಿದೆ. ಪುಸ್ತಕದಲ್ಲಿ ಮನೆಯವರ ಹೆಸರುಗಳನ್ನೆಲ್ಲ ಬರೆದುಕೊಂಡಿದ್ದಳು.

"ಇನ್ನೊಂದು ಸಲಾನೂ ನೀನೇ ಬರ್ತೀಯೇನವ್ವ?" ಎಂದು ಕೇಳಿದಳು ನಮ್ಮ ಅತ್ತಿಗೆ.

"ಬರಲೇಬೇಕು ಅಜ್ಜಿ, ರೂಲ್ಸು" ಎಂದು ಆ ಹುಡುಗಿ ನಕ್ಕಳು. ಅತ್ತಿಗೆ ಒಳಗೆ ಹೋಗಿ ತನ್ನ ಮಾತ್ರೆಗಳ ಪೊಟ್ಟಣ ತಂದು ಅವಳ ಮುಂದಿಟ್ಟಳು.